ಆ ಕಾಗದ ಕೊಡಬೇಡಿ ಅಂದ ದಿನ

ನಾನು ಮಾಲೀಕರ ಪರ ವಕೀಲೆ. ಲೋಹದ ಎರಕ ಹೊಯ್ಯುವ ಫೌಂಡ್ರಿ, ಅಕ್ಕಿ ಗಿರಣಿ, ಅಡಿಕೆ ಮಂಡಿ, ನರ್ಸಿಂಗ್ ಹೋಮ್, ತೀರ್ಥಹಳ್ಳಿ ಕಡೆಯ ರೆಸಾರ್ಟ್ ನಡೆಸುವವರು ನನ್ನ ಶಿವಮೊಗ್ಗದ ಆಫೀಸಿಗೆ ಬರುತ್ತಾರೆ. ನಮ್ಮಪ್ಪ ಮಾತ್ರ ಭದ್ರಾವತಿಯಲ್ಲಿ ಮೈಸೂರು ಪೇಪರ್ ಮಿಲ್ಸ್‌ನ ಕಾರ್ಮಿಕರಾಗಿದ್ದು ನಿವೃತ್ತರಾದವರು. 1936ರಲ್ಲಿ ಹುಟ್ಟಿದ ಆ ಮಿಲ್ಲಿನ ಸಂಬಳದಲ್ಲೇ ನಾನು ಕಾನೂನು ಓದಿದ್ದು. ಹಾಗಾಗಿ ನೆಂಟರ ಮದುವೆ ಮನೆಯ ಪಂಕ್ತಿಯಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಮಿಲ್ಲಿನವರ ಮಗಳಾಗಿ ಮಾಲೀಕರ ಕಡೆ ನಿಲ್ತೀಯಲ್ಲೇ?" ಹೌದು, ನಿಲ್ಲುತ್ತೇನೆ. ಹೇಗೆ ನಿಲ್ಲುತ್ತೇನೆ ಅನ್ನುವುದಕ್ಕೆ ಒಂದು ಮಳೆಗಾಲದ ದಿನದ ಕಥೆ ಹೇಳಬೇಕು. ಕಕ್ಷಿದಾರರ ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಜುಲೈ ತಿಂಗಳು. ಬೆಳಿಗ್ಗೆ ಏಳಕ್ಕೇ ಫೌಂಡ್ರಿಯೊಂದರ ಯಜಮಾನರು ಫೋನ್ ಮಾಡಿದರು. ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ ಕಾರ್ಮಿಕನೊಬ್ಬ ಸೂಪರ್‌ವೈಸರ್‌ನ ಎದೆಗೆ ಕೈ ಹಾಕಿ ತಳ್ಳಿದ್ದಾನೆ. "ಅವನಿಗೆ ನಾಳೆಯಿಂದ ಬರಬೇಡ ಅಂದಿದೀನಿ ಮೇಡಂ. ಡಿಸ್ಮಿಸ್ ಲೆಟರ್ ಟೈಪ್ ಆಗಿದೆ. ನೀವೊಂದ್ಸಲ ನೋಡ್ಬಿಟ್ರೆ ಸೈನ್ ಹಾಕ್ತೀನಿ." ವಾಟ್ಸಾಪ್‌ನಲ್ಲಿ ಕಳಿಸುತ್ತೇನೆ ಅಂದರು. ಬೇಡ, ನಾನೇ ಬರುತ್ತೇನೆ, ಅಲ್ಲಿವರೆಗೆ ಅದು ಯಾರ ಕೈಗೂ ಹೋಗಬಾರದು ಅಂದೆ. ತುಂಗಾ ಸೇತುವೆ ದಾಟಿ, ಮಲವಗೊಪ್ಪ, ನಿದಿಗೆ ಕಳೆದು ಮಾಚೇನಹಳ್ಳಿ ಮುಟ್ಟುವವರೆಗೂ ಮಳೆ ಬಿಡಲಿಲ್ಲ.

ನಮ್ಮ ಕಡೆ ಕೆಲಸದಿಂದ ತೆಗೆಯುವುದು ಹೆಚ್ಚಾಗಿ ಬಾಯಿಮಾತಲ್ಲೇ. "ನಾಳೆಯಿಂದ ಬರಬೇಡ" ಅಂದುಬಿಟ್ಟರೆ ಮುಗಿಯಿತು ಅಂದುಕೊಳ್ಳುತ್ತಾರೆ. ನಿಜವಾಗಿ ತೊಂದರೆ ಶುರುವಾಗುವುದೇ ಆಗ. ಆರು ತಿಂಗಳಾದ ಮೇಲೆ ಆ ಕಾರ್ಮಿಕ ಕಾರ್ಮಿಕಾಧಿಕಾರಿಯ ಮುಂದೆ ಹೋಗಿ ನನ್ನನ್ನು ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ ಅನ್ನುತ್ತಾನೆ. ಅವನೇ ಕೆಲಸ ಬಿಟ್ಟು ಹೋದ ಅಂತ ಮಾಲೀಕರು ಹೇಳುತ್ತಾರೆ. ಬಿಟ್ಟು ಹೋಗಿದ್ದರೆ ವಾಪಸ್ ಬಾ ಅಂತ ಒಂದು ರಿಜಿಸ್ಟರ್ಡ್ ಪತ್ರವನ್ನಾದರೂ ಬರೆದಿದ್ದೀರಾ ಅಂತ ಕೇಳಿದರೆ ಉತ್ತರ ಇರುವುದಿಲ್ಲ. ಗೈರುಹಾಜರಾದ ಅನ್ನುವ ಕಾರಣಕ್ಕೆ ವಿಚಾರಣೆಯಿಲ್ಲದೆ ಹೆಸರು ಹೊಡೆದುಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿದೆ. ಆದರೂ ಕಡತದಲ್ಲಿ ಒಂದು ಚೀಟಿಯೂ ಇಲ್ಲದ ಕೇಸುಗಳು ನನ್ನ ಟೇಬಲ್ಲಿಗೆ ಬರುತ್ತಲೇ ಇವೆ.

ಯಜಮಾನರ ಕೋಣೆಯಲ್ಲಿ ಕಾಗದ ಸಿದ್ಧವಾಗಿತ್ತು. ನಾಲ್ಕೇ ಸಾಲು. ದುರ್ವರ್ತನೆಗಾಗಿ ತಕ್ಷಣದಿಂದ ವಜಾ ಮಾಡಲಾಗಿದೆ ಅಂತ ಇಂಗ್ಲಿಷಿನಲ್ಲಿತ್ತು. ಆ ಕಾರ್ಮಿಕ ಕನ್ನಡ ಬಿಟ್ಟು ಬೇರೆ ಓದಿದವನಲ್ಲ. ಹದಿನಾಲ್ಕು ವರ್ಷದ ಸರ್ವಿಸ್, ಹಿಂದೆ ಒಂದು ಮೆಮೋ ಕೂಡ ಇಲ್ಲ.

"ಈ ಕಾಗದ ಕೊಡಬೇಡಿ ಸಾರ್" ಅಂದೆ.

"ಹಾಗಾದ್ರೆ ಕೈ ಮಾಡಿದವನನ್ನ ಒಳಗೆ ಕೂರಿಸ್ಕೊಂಡು ಪೂಜೆ ಮಾಡ್ಬೇಕಾ?" ಅವರಿಗೆ ಸಿಟ್ಟು ಬಂದಿತ್ತು. ಆ ಸಿಟ್ಟು ಸುಳ್ಳಲ್ಲ. ಗಲಾಟೆ ನಡೆದದ್ದು ಕರಗಿದ ಕಬ್ಬಿಣ ತುಂಬಿದ ಲ್ಯಾಡಲ್, ಅಂದರೆ ಎರಕ ಸುರಿಯುವ ಪಾತ್ರೆಯ ಪಕ್ಕದಲ್ಲಿ. ಸುಮಾರು 1400 ಡಿಗ್ರಿ ಬಿಸಿ ಇರುವ ಲೋಹ ಅದು. ಸೂಪರ್‌ವೈಸರ್ ಎರಡು ಹೆಜ್ಜೆ ಹಿಂದೆ ಎಡವಿದ್ದರೆ ನಾವು ಆ ಬೆಳಿಗ್ಗೆ ಪತ್ರದ ಮಾತಾಡುತ್ತಿರಲಿಲ್ಲ. ಮೇಲಧಿಕಾರಿಯ ಮೇಲೆ ಕೈ ಮಾಡುವುದು ಯಾವ ಕಾರ್ಖಾನೆಯಲ್ಲೂ ಗಂಭೀರ ದುರ್ವರ್ತನೆಯೇ. ಅದನ್ನು ಸಣ್ಣದು ಮಾಡಲು ನಾನು ಹೋಗಿರಲಿಲ್ಲ.

"ಒಂದು ತಿಂಗಳ ಸಂಬಳ ಕೊಟ್ಟು ಕಳಿಸಿದ್ರೆ?" ಅಂತ ಕೇಳಿದರು. ಇದು ನಾನು ಎಲ್ಲರ ಬಾಯಲ್ಲೂ ಕೇಳುವ ಮಾತು. ಆಗ ಜಾರಿಯಲ್ಲಿದ್ದದ್ದು 1947ರ ಕೈಗಾರಿಕಾ ವಿವಾದ ಕಾಯ್ದೆ. ಅದರ 25ಎಫ್ ಕಲಮಿನ ಪ್ರಕಾರ ಒಂದು ತಿಂಗಳ ನೋಟಿಸ್ ಜೊತೆಗೆ ಪೂರ್ಣಗೊಂಡ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ ಕೊಡಬೇಕಿತ್ತು. ಅದು ಕೆಲಸಗಾರ ಹೆಚ್ಚಾದಾಗ ಕಡಿತ ಮಾಡುವ ದಾರಿ. ತಪ್ಪು ಮಾಡಿದ ಅಂತ ತೆಗೆದು, ಹೆಚ್ಚಾಗಿದ್ದ ಅಂತ ಬರೆದರೆ ನ್ಯಾಯಾಧೀಶರು ಪತ್ರದ ಹಿಂದೆ ಏನಿದೆ ಅಂತ ನೋಡದೆ ಬಿಡುವುದಿಲ್ಲ.

ಒಂದು ಹಾಳೆ ತೆಗೆದುಕೊಂಡು ಲೆಕ್ಕ ಹಾಕಿ ತೋರಿಸಿದೆ. ಅವನ ಸಂಬಳ 18,000 ರೂಪಾಯಿ. ಕೇಸು ಐದು ವರ್ಷ ನಡೆಯಿತು ಅಂದುಕೊಳ್ಳಿ. ವಜಾ ತಪ್ಪು ಅಂತಾದರೆ ಹಿಂಬಾಕಿ ವೇತನವೇ 10,80,000. ತಪ್ಪಾಗಿ ತೆಗೆದಾಗ ಪೂರ್ತಿ ಹಿಂಬಾಕಿಯೊಂದಿಗೆ ಮರುನೇಮಕ ಮಾಡುವುದೇ ಸಾಮಾನ್ಯ ನಿಯಮ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ವಿಚಾರಣೆ ಸರಿಯಾಗಿದ್ದರೂ ಶಿಕ್ಷೆ ವಿಪರೀತ ಅನ್ನಿಸಿದರೆ ಅದೇ ಕಾಯ್ದೆಯ 11ಎ ಕಲಮಿನ ಅಡಿಯಲ್ಲಿ ಕಾರ್ಮಿಕ ನ್ಯಾಯಾಲಯ ಅದನ್ನು ಇಳಿಸಬಹುದಿತ್ತು. ಹದಿನಾಲ್ಕು ವರ್ಷದ ಶುದ್ಧ ದಾಖಲೆ ಇದ್ದವನಿಗೆ ಇಳಿಸುವ ಸಾಧ್ಯತೆಯೇ ಹೆಚ್ಚು. ಯಜಮಾನರು ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಕಾಫಿ ತರಿಸಿದರು.

ಅವತ್ತೇ ಮಧ್ಯಾಹ್ನದೊಳಗೆ ಬೇರೆ ಪತ್ರ ತಯಾರಾಯಿತು, ಕನ್ನಡದಲ್ಲಿ. ನಿಮ್ಮನ್ನು ಕೆಲಸದಿಂದ ತೆಗೆದಿಲ್ಲ, ವಿಚಾರಣೆ ಮುಗಿಯುವವರೆಗೆ ಅಮಾನತಿನಲ್ಲಿ ಇಟ್ಟಿದ್ದೇವೆ, ಜೀವನಾಧಾರ ಭತ್ಯೆಯಾಗಿ ಮೊದಲ 90 ದಿನ ಅರ್ಧ ವೇತನ ಸಿಗುತ್ತದೆ ಎಂದು ಬರೆದೆವು. ಆ ಅರ್ಧ ಸಂಬಳ ಕೊಡಲು ಯಜಮಾನರಿಗೆ ಮನಸ್ಸಿರಲಿಲ್ಲ. ಕೊಡದೆ ನಡೆಸಿದ ವಿಚಾರಣೆ ನಿಲ್ಲುವುದು ಕಷ್ಟ, ಹಸಿದವನು ತನ್ನ ಪರ ವಾದಿಸಲಾರ ಅಂದೆ.

ಆಮೇಲೆ ಸೂಪರ್‌ವೈಸರ್ ಜೊತೆ ಮಾತಾಡಬೇಕು ಅಂದೆ, ಒಬ್ಬರೇ ಬರಲಿ. ಪ್ಯಾಟರ್ನ್, ಅಂದರೆ ಅಚ್ಚಿನ ಮಾದರಿಗಳನ್ನು ಇಡುವ ಕೋಣೆಯಲ್ಲಿ ಕೂತೆವು. ನಲವತ್ತರ ಆಸುಪಾಸಿನ ಮನುಷ್ಯ, ಇಡೀ ರಾತ್ರಿ ನಿದ್ದೆಯಿಲ್ಲ. ಏನಾಯಿತು ಅಂತ ಹೇಳಿದರು. ಬೆಳಗಿನ ಪಾಳಿಗೆ ಬರಬೇಕಾದವನು ಬರಲಿಲ್ಲ. ಅಷ್ಟರಲ್ಲಿ ಫರ್ನೇಸ್‌ನಲ್ಲಿ ಲೋಹ ತಯಾರಾಗಿತ್ತು. ಎಸ್‌ಜಿ ಐರನ್ ಅನ್ನುವ ಎರಕದ ಕಬ್ಬಿಣಕ್ಕೆ ಮೆಗ್ನೀಷಿಯಂ ಸೇರಿಸಿದ ಮೇಲೆ ಕೆಲವೇ ನಿಮಿಷದಲ್ಲಿ ಸುರಿದು ಮುಗಿಸಬೇಕು, ತಡವಾದರೆ ಅದರ ಗುಣ ಕಳೆದುಹೋಗಿ ಎರಕವೆಲ್ಲ ತಿರಸ್ಕೃತ. ಹಾಗಾಗಿ ಇವನಿಗೆ ಇನ್ನೊಂದು ಪಾಳಿ ನಿಲ್ಲು ಅಂದರು. ಅವನು ಆಗಲ್ಲ ಅಂದ.

"ಅವನು ಕೈ ಮಾಡುವ ಮೊದಲು ನಿಮ್ಮ ಬಾಯಿಂದ ಏನು ಬಂತು?"

ಅವರು ತಲೆ ತಗ್ಗಿಸಿದರು. ಸ್ವಲ್ಪ ಹೊತ್ತಾದ ಮೇಲೆ, "ತಾಯಿ ಹೆಸರೆತ್ತಿ ಬೈದೆ ಮೇಡಂ" ಅಂದರು. "ಅವರಮ್ಮ ಮೆಗ್ಗಾನ್ ಆಸ್ಪತ್ರೇಲಿದ್ರಂತೆ. ನಂಗೆ ಗೊತ್ತಿರ್ಲಿಲ್ಲ."

ಇದನ್ನು ದೂರಿನಲ್ಲಿ ಬರೆಯಬೇಕಾ ಅಂತ ಕೇಳಿದರು. ನಡೆದದ್ದನ್ನೆಲ್ಲ ಬರೆಯಿರಿ, ಕೇಳಿದರೆ ಒಪ್ಪಿಕೊಳ್ಳಿ ಅಂದೆ. ಮಾಲೀಕರ ಪರ ವಕೀಲರು ಸಾಕ್ಷಿಗೆ ಪಾಠ ಹೇಳಿಕೊಡುತ್ತಾರೆ ಅನ್ನುವ ನಂಬಿಕೆ ಹೊರಗಿದೆ. ಕಲಿಸಿದ ಸಾಕ್ಷಿ ಪಾಟೀಸವಾಲಿನ ಮೂರನೇ ಪ್ರಶ್ನೆಗೆ ಮುರಿದು ಬೀಳುತ್ತಾನೆ, ಜೊತೆಗೆ ನಿಜವಾದ ಭಾಗವನ್ನೂ ಮುಳುಗಿಸುತ್ತಾನೆ. ಅದಕ್ಕಿಂತ ಮುಖ್ಯವಾಗಿ, ಆ ಮನುಷ್ಯನಿಗೆ ನಿಜ ಹೇಳಿ ಹಗುರಾಗುವ ಆಸೆ ಇತ್ತು. ಅದನ್ನು ತಡೆಯುವ ಹಕ್ಕು ನನಗಿರಲಿಲ್ಲ.

ಹೊರಡುವ ಮುನ್ನ ಹಾಜರಿ ಪುಸ್ತಕ, ಓವರ್‌ಟೈಮ್ ರಿಜಿಸ್ಟರ್ ಎರಡನ್ನೂ ತರಿಸಿ ಪಕ್ಕಪಕ್ಕ ಇಟ್ಟೆ. ಜೋಡಿ ಪಾಳಿಗಳು ಹಾಜರಿಯಲ್ಲಿದ್ದವು, ಓವರ್‌ಟೈಮ್‌ನಲ್ಲಿ ಇರಲಿಲ್ಲ. ವಾರಕ್ಕೆ 48 ಗಂಟೆ ಮೀರಿದ ದುಡಿಮೆಗೆ ಎರಡು ಪಟ್ಟು ವೇತನ ಕೊಡಬೇಕೆಂದು ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆ ಹೇಳುತ್ತಿತ್ತು. ಯಜಮಾನರು ಪರ್ಸೊನೆಲ್ ಆಫೀಸರ್ ಮುಖ ನೋಡಿದರು, ಅವರು ಕಿಟಕಿ ನೋಡಿದರು. "ಇದು ನಾಳೆ ಕಾರ್ಮಿಕರ ಕೈಗೆ ಸಿಗತ್ತೆ ಸಾರ್. ಬಾಕಿ ದುಡ್ಡನ್ನ ಇವತ್ತು ನೀವಾಗೇ ಕೊಟ್ಟುಬಿಡಿ" ಅಂದೆ. ಅವನೊಬ್ಬನಿಗಲ್ಲ, ಆ ಪಟ್ಟಿಯಲ್ಲಿದ್ದ ಎಲ್ಲರಿಗೂ. ಮುಂದಿನ ಸಂಬಳದ ಜೊತೆ ಬಾಕಿ ಸಂದಾಯವಾಯಿತು. ಆ ದಿನ ನಾನು ಮಾಡಿದ ಕೆಲಸಗಳಲ್ಲಿ ನನಗೆ ಹೆಚ್ಚು ತೃಪ್ತಿ ಕೊಟ್ಟದ್ದು ಇದೇ. ಮಾಲೀಕರ ಕಡೆಯವಳಾಗಿದ್ದರಿಂದಲೇ ಆ ಎರಡು ಪುಸ್ತಕ ನನ್ನ ಮುಂದೆ ಬಂದವು.

ವಿಚಾರಣೆಯ ಕೋಣೆಗೆ ನಾನು ಹೋಗಲಿಲ್ಲ. ಆಡಳಿತದ ಪರ ಕಾನೂನು ಓದಿದವರು ಕೂತರೆ ಕಾರ್ಮಿಕನಿಗೂ ವಕೀಲರನ್ನು ಇಟ್ಟುಕೊಳ್ಳಲು ಬಿಡಬೇಕಾಗುತ್ತದೆ ಎಂದು ಸುಪ್ರೀಂ ಕೋರ್ಟ್ ಮುಂಬೈ ಬಂದರಿನ ಪ್ರಕರಣದಲ್ಲಿ ಹೇಳಿದೆ. ಕಾರ್ಮಿಕಾಧಿಕಾರಿಯ ಸಂಧಾನದಲ್ಲಂತೂ ವಕೀಲರಿಗೆ ಜಾಗವೇ ಇಲ್ಲ. ನಮ್ಮ ಕೆಲಸ ಹೆಚ್ಚಾಗಿ ಬಾಗಿಲ ಆಚೆಯದು. ಆರೋಪ ಪಟ್ಟಿಯಲ್ಲಿ ದಿನಾಂಕ, ಹೊತ್ತು, ಜಾಗ ಸ್ಪಷ್ಟವಾಗಿವೆಯೇ, ದೂರು ಕೊಟ್ಟವರೇ ತೀರ್ಪು ಕೊಡುವಂತಾಗಿಲ್ಲ ತಾನೇ, ಪ್ರತಿ ಪುಟಕ್ಕೂ ಕಾರ್ಮಿಕನ ಸಹಿ ಬಿದ್ದಿದೆಯೇ ಅಂತ ಹೊರಗಿನಿಂದ ಕಾಯುವುದು. ಹೊರಗಿನ ನಿವೃತ್ತ ಅಧಿಕಾರಿಯೊಬ್ಬರು ವಿಚಾರಣೆ ನಡೆಸಿದರು. ಕಾರ್ಮಿಕನ ನೆರವಿಗೆ ಮೌಲ್ಡಿಂಗ್ ವಿಭಾಗದ ಗೆಳೆಯನೊಬ್ಬ ಬಂದಿದ್ದ. ಬೈದಿರಾ ಅಂತ ಅವನು ಕೇಳಿದಾಗ ಸೂಪರ್‌ವೈಸರ್ ಹೌದು ಅಂದರು. ತಳ್ಳಿದಿರಾ ಅಂದಾಗ ಕಾರ್ಮಿಕನೂ ಹೌದು ಅಂದ. ವರದಿ ನಾಲ್ಕು ಪುಟದಲ್ಲಿ ಮುಗಿಯಿತು. ಆರೋಪ ಸಾಬೀತಾಗಿದೆ, ಪ್ರಚೋದನೆ ಇತ್ತು ಅಂತ ಬರೆದಿದ್ದರು.

ಒಂದು ಇನ್‌ಕ್ರಿಮೆಂಟ್ ತಡೆ, ಅಮಾನತಿನ ಅವಧಿಯ ಉಳಿದ ಅರ್ಧ ವೇತನ ಇಲ್ಲ, ಎರಕದ ಒರಟು ಅಂಚು ತೆಗೆಯುವ ಫೆಟ್ಲಿಂಗ್ ವಿಭಾಗಕ್ಕೆ ವರ್ಗ. ಶಿಕ್ಷೆಯನ್ನು ಯಜಮಾನರೇ ತೀರ್ಮಾನಿಸಿದರು. ಯೂನಿಯನ್ ತಕರಾರು ಮಾಡಲಿಲ್ಲ. ಸೂಪರ್‌ವೈಸರ್‌ಗೂ ಎಚ್ಚರಿಕೆ ಪತ್ರ ಹೋಯಿತು.

ನಾನು ಯಾವಾಗಲೂ ಮಾಲೀಕರನ್ನು ತಡೆಯುವವಳೇನಲ್ಲ. ಎರಡು ಸುಗ್ಗಿಯಲ್ಲಿ ಅಡಿಕೆ ಸುಲಿಯಲು ಬಂದವರೊಬ್ಬರು ವರ್ಷಪೂರ್ತಿ ದುಡಿದೆ ಅಂತ ಕೇಸು ಹಾಕಿದಾಗ ಕೊನೆಯವರೆಗೂ ಹೋರಾಡಿದ್ದೇನೆ. ವರ್ಷಪೂರ್ತಿ ದುಡಿದಂತೆ ಲೆಕ್ಕವಾಗಲು ಬೇಕಾದ 240 ದಿನ ಕೆಲಸ ಮಾಡಿದೆ ಅನ್ನುವುದನ್ನು ತೋರಿಸುವ ಹೊಣೆ ಕಾರ್ಮಿಕನದು ಎಂದು 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಅದೂ ಅರಣ್ಯ ಇಲಾಖೆಯ ಒಂದು ಪ್ರಕರಣದಲ್ಲಿ. ಸಣ್ಣ ಮಂಡಿ ನಡೆಸುವವರಿಗೂ ನ್ಯಾಯ ಬೇಕು. ಅವರಿಗೆ ಬೆಂಗಳೂರಿನ ದೊಡ್ಡ ವಕೀಲರು ಎಟುಕುವುದಿಲ್ಲ.

2025ರ ನವೆಂಬರ್ 21ರಿಂದ ಆ ಹಳೆಯ ಕಾಯ್ದೆಗಳ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಅಮಾನತಿನ ವಿಚಾರಣೆಯನ್ನು ಸಾಮಾನ್ಯವಾಗಿ 90 ದಿನದಲ್ಲಿ ಮುಗಿಸಬೇಕು, ಕೆಲಸ ಬಿಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಈ ಎರಡನ್ನೂ ನಾನು ಮನಸಾರೆ ಒಪ್ಪುತ್ತೇನೆ. ಸ್ಥಾಯೀ ಆದೇಶಗಳ, ಅಂದರೆ ಕೆಲಸದ ಜಾಗದ ಲಿಖಿತ ನಿಯಮಗಳ ಅಧ್ಯಾಯವನ್ನು 300 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆಗೆ ಸೀಮಿತ ಮಾಡಿದ್ದು ನನಗೆ ಸರಿಕಾಣುವುದಿಲ್ಲ. ಆ ಫೌಂಡ್ರಿಯಂಥ ಜಾಗಗಳಲ್ಲಿ ಯಾವುದು ದುರ್ವರ್ತನೆ, ಅದಕ್ಕೆ ಯಾವ ಕ್ರಮ ಅನ್ನುವುದು ಗೋಡೆಯ ಮೇಲೆ ಬರೆದಿರಬೇಕು. ನನ್ನ ಕಕ್ಷಿದಾರರಿಗೆ ಕಾನೂನು ಕೇಳದಿದ್ದರೂ ಬರೆದು ಹಾಕಿ ಅಂತಲೇ ಹೇಳುತ್ತಿದ್ದೇನೆ.

ಆ ಸೂಪರ್‌ವೈಸರ್ ಆ ವರ್ಷದ ದೀಪಾವಳಿ ಕಳೆದ ಮೇಲೆ ರಾಜೀನಾಮೆ ಕೊಟ್ಟರು. ಹುಡುಗರ ಮುಂದೆ ಒಪ್ಪಿಕೊಂಡ ಮೇಲೆ ಮಾತು ನಡೆಯುತ್ತಿಲ್ಲ ಅಂದರಂತೆ. ಯಜಮಾನರು ಬಹಳ ಬೇಜಾರು ಮಾಡಿಕೊಂಡರು, ನಾನೂ ಮಾಡಿಕೊಂಡೆ. ನಿಜ ಹೇಳಿದವರಿಗೇ ಹೆಚ್ಚು ನಷ್ಟವಾಯಿತು, ಇದಕ್ಕೆ ಯಾವ ಕಲಮಿನಲ್ಲೂ ಪರಿಹಾರವಿಲ್ಲ. ಒಂಬತ್ತು ವರ್ಷದ ಸೇವೆಗೆ ಅವರಿಗೆ ಗ್ರಾಚ್ಯುಟಿ ಬರಬೇಕಿತ್ತು. ಕಾಯ್ದೆಯಲ್ಲಿ 30 ದಿನದ ಗಡುವಿತ್ತು. ಲೆಕ್ಕವನ್ನು ನಾನೇ ಮಾಡಿ ಕಳಿಸಿದೆ. ಯಜಮಾನರು ಅದೇ ವಾರ ಚೆಕ್ ಬರೆದು, ಜೊತೆಗೆ ಒಳ್ಳೆಯ ಅನುಭವ ಪತ್ರವನ್ನೂ ಕೊಟ್ಟರು. ಈಗ ಅವರು ಹರಿಹರದ ಕಡೆಯ ಒಂದು ಫೌಂಡ್ರಿಯಲ್ಲಿ ಪಾಳಿ ಮುಖ್ಯಸ್ಥರು.