ಮೇಡಂ ಕೇಳುತ್ತಿದ್ದ ಪ್ರಶ್ನೆ

'ಎಲ್ಲೀದಿದು?'

ನಮ್ಮ ಮೈಕ್ರೋಬಯಾಲಜಿ ಮೇಡಂ ಎಲ್ಲಕ್ಕೂ ಮೊದಲು ಕೇಳುತ್ತಿದ್ದದ್ದು ಇದನ್ನೇ. ಘಟಪ್ರಭೆಯ ನೀರು ತಂದರೂ ಅಷ್ಟೇ, ಹೊಲದ ಮಣ್ಣು ತಂದರೂ ಅಷ್ಟೇ. ಯಾವ ದಂಡೆ, ಯಾರ ಹೊಲ, ಯಾವತ್ತು ತೆಗೆದದ್ದು ಅಂತ ಬಾಟಲಿ ಮೇಲೆ ಬರೆದಿರಲೇಬೇಕು. ಇಲ್ಲದಿದ್ದರೆ ಮೈಕ್ರೋಸ್ಕೋಪ್ ಮುಟ್ಟಲು ಬಿಡುತ್ತಿರಲಿಲ್ಲ.

ಅದು 90ರ ದಶಕದ ಕೊನೆ. ಬಾಗಲಕೋಟೆ ಸೀಮೆಯಲ್ಲಿ ಏಡ್ಸ್ ಜಾಸ್ತಿಯಾಗುತ್ತಿದ್ದ ಕಾಲ. ಆದರೆ ಮನೆಯಲ್ಲಾಗಲಿ ಓಣಿಯಲ್ಲಾಗಲಿ ಆ ಹೆಸರನ್ನು ಯಾರೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಮೇಡಂ ಮಾತ್ರ ಬೋರ್ಡ್ ಮೇಲೆ ಎಚ್‌ಐವಿ ಚಿತ್ರ ಬಿಡಿಸಿ ಇಡೀ ಪೀರಿಯಡ್ ಅದಕ್ಕೇ ಕೊಟ್ಟರು. ಎಚ್‌ಐವಿಯಂಥ ವೈರಸ್‌ಗಳಿಗೆ ಬೇಕಾದ, ಆರ್‌ಎನ್‌ಎಯಿಂದ ಡಿಎನ್‌ಎ ಮಾಡುವ ಕಿಣ್ವವನ್ನು 1970ರಲ್ಲಿ ಟೆಮಿನ್ ಮತ್ತು ಬಾಲ್ಟಿಮೋರ್ ಕಂಡುಹಿಡಿದದ್ದು, 1983ರಲ್ಲಿ ಪ್ಯಾರಿಸ್ಸಿನ ಪಾಸ್ಟರ್ ಸಂಸ್ಥೆಯಲ್ಲಿ ಈ ವೈರಸ್ ಸಿಕ್ಕಿದ್ದು, ಎಲ್ಲ ಹೇಳಿದರು. 1986ರಲ್ಲಿ ಚೆನ್ನೈನಲ್ಲಿ ಡಾ. ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಭಾರತದ ಮೊದಲ ಸೋಂಕುಗಳನ್ನು ಪತ್ತೆ ಮಾಡಿದರು ಅನ್ನುವಾಗ ಮೇಡಂ ನಮ್ಮ ಬೆಂಚಿನ ಕಡೆ ನೋಡಿದರು. 'ಆಕೀನೂ ನಿಮ್ಹಂಗ ಓದೋ ಹುಡುಗೀನೇ' ಅಂದರು. ನಿರ್ಮಲಾ ರಕ್ತದ ಮಾದರಿಗಳನ್ನು ಪರೀಕ್ಷೆಗೆ ವೆಲ್ಲೂರಿಗೆ ಒಯ್ದ ಕಥೆಯನ್ನು ನಾನು ಆಮೇಲೆ ಓದಿದೆ. ಆ ಕೆಲಸದ ಬಗ್ಗೆ ನನಗೆ ಇವತ್ತಿಗೂ ಅಪಾರ ಗೌರವ.

ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಪಿಎಚ್‌ಡಿಗೆ ಬೆಂಗಳೂರಿಗೆ ಬಂದೆ. ಲ್ಯಾಬಿನಲ್ಲಿ ಎನ್‌ಎಲ್4-3 ಎಂಬ ಎಚ್‌ಐವಿ ಕ್ಲೋನ್, ಅಂದರೆ ಲ್ಯಾಬಿನಲ್ಲಿ ನಕಲು ಮಾಡಿಟ್ಟ ವೈರಸ್, ಕೈಗೆ ಬಂತು. ಪ್ರಪಂಚದ ಎಷ್ಟೋ ಲ್ಯಾಬುಗಳು ಬಳಸುವುದು ಅದನ್ನೇ. ಮೇಡಂ ಪ್ರಶ್ನೆ ತಾನಾಗೇ ಬಾಯಿಗೆ ಬಂತು. ಅಮೆರಿಕದ ಒಂದು, ಫ್ರಾನ್ಸಿನ ಒಂದು, ಎರಡು ವೈರಸ್‌ಗಳ ತುಣುಕು ಜೋಡಿಸಿ 1986ರ ಹೊತ್ತಿಗೆ ಮಾಡಿದ್ದು ಅದು. ಎಚ್‌ಐವಿಯಲ್ಲಿ ಸಬ್‌ಟೈಪ್ ಅನ್ನುವ ಒಳಗುಂಪುಗಳಿವೆ; ಇದು ಸಬ್‌ಟೈಪ್ ಬಿ. ನಮ್ಮ ದೇಶದ ಸೋಂಕುಗಳಲ್ಲಿ ಬಹುಪಾಲು ಸಬ್‌ಟೈಪ್ ಸಿ. ದಕ್ಷಿಣ ಆಫ್ರಿಕಾದಲ್ಲೂ ಸಿ. ಜಗತ್ತಿನ ಸೋಂಕುಗಳಲ್ಲಿ ಸುಮಾರು ಅರ್ಧ ಅದರದ್ದೇ. ಆದರೂ ಪುಸ್ತಕಗಳ ತುಂಬ ಬಿ. ಇದು ಸರಿಯಲ್ಲ ಅಂತ ಅವತ್ತು ಅನ್ನಿಸಿತು. ಈಗಲೂ ಹಾಗೇ ಅನ್ನಿಸುತ್ತದೆ. ನಮ್ಮ ಜನರ ವೈರಸ್ಸನ್ನು ನಾವು ಓದದೆ ಇನ್ನಾರು ಓದಬೇಕು?

ನನ್ನ ಕೆಲಸವೆಲ್ಲ ಆ ವೈರಸ್ಸಿನ ಒಂದು ಸಣ್ಣ ತುಣುಕಿನ ಮೇಲೆ. ಎಚ್‌ಐವಿ ಜೀನೋಮಿನ, ಅಂದರೆ ಅದರ ಪೂರ್ತಿ ಆನುವಂಶಿಕ ಬರಹದ, ಉದ್ದ ಸುಮಾರು 9,700 ಅಕ್ಷರ. ಅದು ಡಿಎನ್‌ಎ ಆಗಿ ನಮ್ಮ ಜೀವಕೋಶದ ಡಿಎನ್‌ಎಯಲ್ಲೇ ಸೇರಿಕೊಂಡಾಗ ಎರಡೂ ತುದಿಗೆ ಎಲ್‌ಟಿಆರ್ ಎಂಬ ಭಾಗ ಇರುತ್ತದೆ. ವೈರಸ್ ಚಾಲೂ ಆಗುವುದು ಅಲ್ಲಿಂದ. ರೋಗದ ವಿರುದ್ಧ ಹೋರಾಡುವ ನಮ್ಮ ಟಿ ಜೀವಕೋಶ (ಒಂದು ಬಗೆಯ ಬಿಳಿ ರಕ್ತಕಣ) ಸೋಂಕಿನ ಸುಳಿವು ಸಿಕ್ಕಿ ಎಚ್ಚೆತ್ತಾಗ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನ್ ನ್ಯೂಕ್ಲಿಯಸ್ಸಿಗೆ ಹೋಗುತ್ತದೆ, ರಕ್ಷಣೆಯ ಜೀನ್‌ಗಳನ್ನು ಎಬ್ಬಿಸುತ್ತದೆ. ಅದೇ ಪ್ರೋಟೀನ್ ಎಲ್‌ಟಿಆರ್ ಮೇಲೂ ಕೂತು ವೈರಸ್ಸನ್ನೂ ಎಬ್ಬಿಸುತ್ತದೆ. ನಮ್ಮನ್ನು ಕಾಯಲು ಬಂದದ್ದೇ ವೈರಸ್ಸಿಗೂ ನೆರವಾಗುತ್ತದೆ, ನೋಡಿ. ಬಿಯಲ್ಲಿ ಆ ಪ್ರೋಟೀನಿಗೆ ಕೂರಲು ಸಾಮಾನ್ಯವಾಗಿ ಎರಡು ಜಾಗ. ಸಿಯಲ್ಲಿ ಮೂರು. ನಾಲ್ಕು ಜಾಗ ಇರುವ ತಳಿಗಳೂ ಭಾರತದಲ್ಲಿವೆ, ಅವುಗಳ ಎಲ್‌ಟಿಆರ್ ಇನ್ನೂ ಜೋರು ಎಂದು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರದ ಉದಯಕುಮಾರ್ ರಂಗ ಅವರ ತಂಡ 2012ರಲ್ಲಿ ಪ್ರಕಟಿಸಿತು. ಆ ಪೇಪರನ್ನು ನಾನು ಮತ್ತೆ ಮತ್ತೆ ಓದಿದ್ದೇನೆ.

ಇಷ್ಟು ಸಣ್ಣ ವ್ಯತ್ಯಾಸಕ್ಕೆ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕು ಅಂತ ಕೇಳುವವರಿದ್ದಾರೆ. ಔಷಧಿ ವೈರಸ್ ಹೆಚ್ಚುವುದನ್ನು ತಡೆಯುತ್ತದೆ. ಆದರೆ ಕೆಲವು ಟಿ ಜೀವಕೋಶಗಳಲ್ಲಿ ಸದ್ದಿಲ್ಲದೆ ಮಲಗಿರುವ ವೈರಸ್ಸನ್ನು ಅದು ಮುಟ್ಟುವುದಿಲ್ಲ. ಮಾತ್ರೆ ಬಿಟ್ಟರೆ ಅದು ಮತ್ತೆ ಏಳುತ್ತದೆ. ಅದಕ್ಕೇ ಜೀವನಪೂರ್ತಿ ಮಾತ್ರೆ. ವೈರಸ್ ಚಾಲೂ ಆಗುವುದು ಎಲ್‌ಟಿಆರ್‌ನಿಂದ ತಾನೆ? ಅಲ್ಲಿ ಅದು ಹೇಗೆ ಮಲಗುತ್ತದೆ, ಹೇಗೆ ಏಳುತ್ತದೆ ಎಂದು ತಿಳಿಯದೆ ಪೂರ್ತಿ ಗುಣ ಮಾಡುವ ಮಾತೇ ಇಲ್ಲ.

ಕೆಲಸ ನಿಧಾನ. ಅಪಾಯದ ರೋಗಾಣುಗಳಿಗೆಂದೇ ಬಿಗಿ ಸುರಕ್ಷತೆ ಇರುವ ಬಿಎಸ್‌ಎಲ್-3 ಲ್ಯಾಬಿನಲ್ಲಿ ಎರಡು ಜೊತೆ ಗ್ಲೌಸು, ಮಾಸ್ಕು, ಗೌನು. ವೈರಸ್ ಬೆಳೆಸಿ, ಎಷ್ಟು ಬೆಳೆಯಿತು ಎಂದು ತಿಳಿಯಲು ಅದರ ಪಿ24 ಪ್ರೋಟೀನ್ ಎಷ್ಟಿದೆ ಅಂತ ಅಳೆದು, ಮತ್ತೆ ಕಾಯಬೇಕು. ರೋಗಿಯ ಮಾದರಿ ಇರುವ ಟ್ಯೂಬಿನ ಮೇಲೆ ಒಂದು ಸಂಖ್ಯೆ ಮಾತ್ರ ಇರುತ್ತದೆ. ಆ ಸಂಖ್ಯೆಯ ಹಿಂದೆ ಒಬ್ಬ ಮನುಷ್ಯ ಇರುತ್ತಾನೆ. ನಮ್ಮ ಓಣಿಯ ಒಬ್ಬ ಅಕ್ಕ ಈ ರೋಗದಿಂದಲೇ ಹೋದಳು. ಸರ್ಕಾರ ಉಚಿತ ಔಷಧಿ ಶುರು ಮಾಡಿದ್ದು 2004ರ ಏಪ್ರಿಲ್ 1ಕ್ಕೆ. ಆಕೆಗೆ ಅದು ಸಿಗಲಿಲ್ಲ. ಲ್ಯಾಬಿನಲ್ಲಿ ಬೇಜಾರಾದಾಗಲೆಲ್ಲ ಆಕೆ ನೆನಪಾಗುತ್ತಾಳೆ.

ಈಗ ಓದುತ್ತಿರುವ ಮಕ್ಕಳಿಗೆ ಒಂದು ವಿಷಯ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತವೆ. ಬಿ.ಎಸ್ಸಿ. ವಿದ್ಯಾರ್ಥಿಗಳೂ ಅರ್ಜಿ ಹಾಕಬಹುದು. ಇಂಗ್ಲಿಷ್ ಸರಿಯಾಗಿ ಬರಲ್ಲ ಅಂತ ಸುಮ್ನೆ ಕೂರಬೇಡಿ. ಅರ್ಜಿ ತುಂಬುವಾಗ ಏನಾದರೂ ತಿಳಿಯದಿದ್ದರೆ ಕಾಲೇಜಿನ ಮೂಲಕ ನನಗೆ ಬರೆಯಿರಿ, ಜೊತೆಗೆ ಕೂತು ತುಂಬೋಣ.