ಕಿಟಕಿಯಲ್ಲಿಟ್ಟ ಕಳ್ಳಿ ಹೂ ಬಿಡಬೇಕಾದರೆ ಏನು ಮಾಡಬೇಕು?

"ನಿಮ್ಮ ಕ್ಯಾಕ್ಟಸ್ ಪ್ರತಿ ವರ್ಷ ಹೂ ಬಿಡುತ್ತೆ, ನಮ್ಮದು ಸುಮ್ನೆ ಹಾಗೇ ಕೂತಿದೆ. ಏನು ಗೊಬ್ಬರ ಹಾಕ್ತೀರಿ?" ಮನೆಗೆ ಬಂದವರೆಲ್ಲ ಇದನ್ನೇ ಕೇಳುತ್ತಾರೆ. ಬೆಂಗಳೂರಿನಲ್ಲಿ ಬಾಲ್ಕನಿ ಇಲ್ಲದ ಪುಟ್ಟ ಮನೆ ನಮ್ಮದು. ಪೂರ್ವದ ಕಿಟಕಿಯಲ್ಲಿ ಎರಡಡಿ ಜಾಗ, ಅದರಲ್ಲಿ ಒಂಬತ್ತು ಪಾಟುಗಳು. ಗುಟ್ಟು ಗೊಬ್ಬರದಲ್ಲಿಲ್ಲ. ಚಳಿಗಾಲದಲ್ಲಿ ನಾನು ನೀರನ್ನೇ ಹಾಕುವುದಿಲ್ಲ.

ನನ್ನಲ್ಲಿರುವುದು ಹೆಚ್ಚಾಗಿ ಮ್ಯಾಮಿಲೇರಿಯಾ ಎಂಬ, ಮೈತುಂಬ ಉಬ್ಬುಗಳಿರುವ ಕಳ್ಳಿ. ಮೂಲ ಮೆಕ್ಸಿಕೋ ಕಡೆ. ಚಳಿಯಲ್ಲಿ ಒಣಗಿಕೊಂಡು ಸುಮ್ಮನಿರುವುದು ಅದರ ಹುಟ್ಟುಗುಣ. ಆ ವಿಶ್ರಾಂತಿ ಸಿಗದಿದ್ದರೆ ಮೈ ಬೆಳೆಯುತ್ತದೆ, ಮೊಗ್ಗು ಕಟ್ಟುವುದು ಕಷ್ಟ. ಡಿಸೆಂಬರ್, ಜನವರಿಯಲ್ಲಿ ನಮ್ಮೂರಿನ ರಾತ್ರಿ 15-16 ಡಿಗ್ರಿಗೆ ಇಳಿಯುತ್ತದೆ. ಆಗ ಕಿಟಕಿ ತೆರೆದಿಡುತ್ತೇನೆ. ಗಿಡ ಸ್ವಲ್ಪ ಸೊರಗುತ್ತದೆ, ಮೈ ಸುಕ್ಕಾಗುತ್ತದೆ. ಪಾಪ ಅನಿಸಿ ನೀರು ಹಾಕಲು ಹೋಗಬೇಡಿ.

ಫೆಬ್ರವರಿಯಲ್ಲಿ ಪಾಟಿನ ತಳದಿಂದ ಇಳಿಯುವಷ್ಟು ನೀರು ಕೊಡುತ್ತೇನೆ. ಆಮೇಲೆ ದಿನಾ ಬೆಳಿಗ್ಗೆ ಬಗ್ಗಿ ನೋಡುವುದೇ ಕೆಲಸ. ಉಬ್ಬುಗಳ ಸಂದಿಯಲ್ಲಿ, ಬಿಳಿ ಹತ್ತಿಯಂಥ ಎಳೆಗಳ ನಡುವೆ, ಸಾಸಿವೆ ಗಾತ್ರದ ಗುಲಾಬಿ ಚುಕ್ಕೆಗಳು ಮೂಡುತ್ತವೆ. ನೋಡನೋಡುತ್ತಾ ನೆತ್ತಿಯ ಸುತ್ತ ಹೂವಿನ ಸಿಂಬೆ!

ಬಿಸಿಲು ಬೇಕೇ ಬೇಕು. ಮೊದಲು ದಕ್ಷಿಣದ ಕಿಟಕಿಯಲ್ಲಿಟ್ಟಿದ್ದೆ, ಚಳಿಗಾಲದಲ್ಲಿ ಬಿಸಿಲು ಒಳಗೇ ಬರುತ್ತಿತ್ತು. ಆದರೆ ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಸೂರ್ಯ ನೆತ್ತಿಗೆ ಬಂದು, ಆಗಸ್ಟ್ 18ರವರೆಗೆ ನಡುಹಗಲಲ್ಲಿ ಉತ್ತರಕ್ಕೆ ವಾಲಿರುತ್ತಾನೆ. ಅಷ್ಟು ದಿನ ಗಿಡ ನೆರಳಲ್ಲೇ. ತುದಿ ಬಿಳಚಿಕೊಂಡು ಉದ್ದಕ್ಕೆ ಎಳೆಯಿತು. ಆ ಭಾಗ ಮತ್ತೆ ದಪ್ಪಗಾಗಲೇ ಇಲ್ಲ. ಪೂರ್ವದ ಕಿಟಕಿಗೆ ವರ್ಷವಿಡೀ ಬೆಳಗಿನ ಬಿಸಿಲು ಸಿಗುತ್ತದೆ.

ಮಣ್ಣಿಗೆ ಅರ್ಧದಷ್ಟು ದಪ್ಪ ಮರಳು, ಇಟ್ಟಿಗೆ ಚೂರು ಬೆರೆಸಿ. 3 ಇಂಚಿನ ಪಾಟ್ ಸಾಕು.

ಕೊಳ್ಳುವಾಗ ಹೂವನ್ನು ಹತ್ತಿರದಿಂದ ನೋಡಿ. ಒಣಗಿದ ಬೇರೆ ಹೂವನ್ನು ಅಂಟು ಹಾಕಿ ಕೂರಿಸಿರುವುದೂ ಉಂಟು. ಕೆಂಪು ಉಂಡೆಯ ಕ್ಯಾಕ್ಟಸ್ ಕೂಡ ಹೂವಲ್ಲ. ಅದು ಹಸಿರೇ ಇಲ್ಲದ ಗಿಡ. ಸಾಮಾನ್ಯವಾಗಿ ಡ್ರ್ಯಾಗನ್ ಫ್ರೂಟ್ ಜಾತಿಯ ಕಾಂಡಕ್ಕೆ ಕಸಿ ಮಾಡಿರುತ್ತಾರೆ, ಅದರ ಆಹಾರದಿಂದಲೇ ಬದುಕುತ್ತದೆ.

ನಾವು ಮನೆಗಳಲ್ಲಿ ಬ್ರಹ್ಮಕಮಲ ಎಂದು ಬೆಳೆಸುವುದೂ ಕಳ್ಳಿಯೇ, ಗೊತ್ತಾ? ನನಗೆ ಬಹಳ ಇಷ್ಟ. ಆದರೆ ಆಳೆತ್ತರ ಚಾಚುವ ಆ ಗಿಡಕ್ಕೆ ನನ್ನ ಕಿಟಕಿ ಸಾಲದು. ಅದು ಅಮ್ಮನ ಮನೆಯ ಹಿತ್ತಲಲ್ಲಿದೆ. ಹೂ ಅರಳುವ ರಾತ್ರಿ ಅಮ್ಮ ಫೋನ್ ಮಾಡುತ್ತಾರೆ, ಬೆಳಗಾಗುವುದರೊಳಗೆ ಬಾಡುತ್ತಲ್ಲ, ಎಷ್ಟು ಹೊತ್ತಾದರೂ ಹೊರಡುತ್ತೇನೆ.