ದೊಡ್ಡಪ್ಪನ ರೀಲೋಡಿಂಗ್ ಪೆಟ್ಟಿಗೆಗಳು: ಐದು ವಾರದ ಲೆಕ್ಕ

ದೊಡ್ಡಪ್ಪ ತೀರಿಕೊಂಡು ವರ್ಷ ಕಳೆದ ಮೇಲೆ ದೊಡ್ಡಮ್ಮ ಕರೆದು, "ಆ ಸಾಮಾನೆಲ್ಲ ನೀನೇ ತಗೊಂಡು ಹೋಗಪ್ಪ, ನಂಗೆ ಆ ರೂಮಿನ ಪಕ್ಕ ಮಲಗೋಕೆ ಭಯ" ಎಂದರು. ನಾಲ್ಕು ಪೆಟ್ಟಿಗೆ. ಕೋವಿಯ ತೋಟಾ ಮರುಭರ್ತಿ ಮಾಡುವ ಪ್ರೆಸ್, ಕೇಸಿಗೆ ಆಕಾರ ಕೊಡುವ ಡೈಗಳು, ತಕ್ಕಡಿ, ಕೋವಿ ಮದ್ದಿನ ಡಬ್ಬಿಗಳು, ಆ ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್, ಒಂದು ಡಬ್ಬ ತುಂಬಾ ತೋಟಾದ ಖಾಲಿ ಹಿತ್ತಾಳೆ ಕೇಸ್, ಮತ್ತೆ ಅವರ ನೋಟ್‌ಬುಕ್. ನಾನು ಎರಡು ವರ್ಷದಿಂದ ಮರುಭರ್ತಿ ಮಾಡುತ್ತಿದ್ದೇನೆ, ಹಾಗಾಗಿ ಖುಷಿಯೇ ಆಯ್ತು. ಆ ಖುಷಿ ಮೊದಲ ಪೆಟ್ಟಿಗೆ ತೆಗೆಯುವ ತನಕ ಇತ್ತು.

ಲೈಸೆನ್ಸ್ ವಿಚಾರ ಮೊದಲೇ ಮುಗಿಸಿಕೊಂಡೆ. ಕೆಲವು ಕಡೆ ಮದ್ದು, ಪ್ರೈಮರ್ ಇಟ್ಟುಕೊಳ್ಳೋಕೂ ಪರವಾನಗಿ ಬೇಕು. ಮನೆಯವರಿಂದ ಬಂದಿದ್ದು ಅಂದರೆ ನಡೆಯೋದಿಲ್ಲ.

ಮೊದಲ ವಾರ

ಜಾಮ್ ಬಾಟಲಿ. ಅದರಲ್ಲಿ ಅರ್ಧದ ತನಕ ಬಿಡಿ ಪ್ರೈಮರ್‌ಗಳು. ಎಣಿಸಲಿಲ್ಲ, ಅಲ್ಲಾಡಿಸಲೂ ಇಲ್ಲ. ಪ್ರೈಮರ್ ಅಂದರೆ ಪೆಟ್ಟು ಬಿದ್ದರೆ ಸಿಡಿಯಲೆಂದೇ ಮಾಡಿದ ವಸ್ತು. ಕಂಪನಿಯವರು ಒಂದಕ್ಕೊಂದು ತಾಗದ ಹಾಗೆ ಟ್ರೇಯಲ್ಲಿ ಜೋಡಿಸಿ ಕೊಡುವುದು ಸುಮ್ನೆ ಅಲ್ಲ. ಬಾಟಲಿಯಲ್ಲಿ ಒಟ್ಟಿಗೆ ಇದ್ದರೆ ಒಂದು ಸಿಡಿದಾಗ ಉಳಿದವೂ ಜೊತೆಗೆ ಹೋಗುತ್ತವೆ, ಗಾಜು ಚೂರುಗಳಾಗಿ ಹಾರುತ್ತದೆ. ಬಾಟಲಿಯನ್ನು ಇದ್ದಲ್ಲೇ ಬಿಟ್ಟು, ರೂಮಿಗೆ ಬೀಗ ಹಾಕಿ, ಅಗ್ನಿಶಾಮಕದವರಿಗೆ ಫೋನ್ ಮಾಡಿದೆ. ಎರಡನೇ ದಿನ ಬಂದು ತೆಗೆದುಕೊಂಡು ಹೋದರು. ಎಣ್ಣೆಯಲ್ಲೋ ನೀರಲ್ಲೋ ನೆನೆಸಿದರೆ ಸತ್ತುಹೋಗುತ್ತವೆ ಎಂದು ತುಂಬಾ ಜನ ಹೇಳುತ್ತಾರೆ, ಅದನ್ನು ನಂಬಬೇಡಿ. ಒಣಗಿದ ಮೇಲೆ ಮತ್ತೆ ಸಿಡಿದ ಪ್ರೈಮರ್‌ಗಳಿವೆ.

ಟ್ರೇಯಲ್ಲೇ, ಮೂಲ ಪೊಟ್ಟಣದಲ್ಲೇ ಇದ್ದ ಪ್ರೈಮರ್‌ಗಳು ಬೇರೆ ಕಥೆ. ತಂಪಾಗಿ ಒಣಗಿದ ಜಾಗದಲ್ಲಿದ್ದರೆ ದಶಕಗಳೇ ಬಾಳುತ್ತವೆ. ಹತ್ತನ್ನು ಮದ್ದು, ಗುಂಡು ಎರಡೂ ಇಲ್ಲದ ಖಾಲಿ ಕೇಸುಗಳಿಗೆ ಕೂರಿಸಿ, ಕಿವಿ ಕಣ್ಣು ಮುಚ್ಚಿಕೊಂಡು (ಅಂದರೆ ಮಫ್ ಮತ್ತು ಕನ್ನಡಕ!) ಗುಂಡು ಹೊಡೆಯುವ ರೇಂಜಿನಲ್ಲಿ ಹೊಡೆದು ನೋಡಿದೆ. ಹತ್ತಕ್ಕೆ ಹತ್ತೂ ಸಿಡಿದವು. ಉಳಿದವನ್ನು ಅಭ್ಯಾಸಕ್ಕೆ ಇಟ್ಟುಕೊಂಡೆ. ಒಂದು ಪೊಟ್ಟಣ ಮಾತ್ರ ತುಂಬಾ ಹಳೇ ಸೈನ್ಯದ್ದು, ಅದನ್ನು ಬೇರೆ ಇಟ್ಟೆ. ಹಳೇ ಪ್ರೈಮರ್‌ಗಳಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ನಳಿಗೆಯಲ್ಲಿ ಒಂಥರಾ ಉಪ್ಪು ಉಳಿಯುತ್ತದೆ, ಗಾಳಿಯ ತೇವ ಎಳೆದು ತುಕ್ಕು ಹಿಡಿಸುತ್ತದೆ. ಎಣ್ಣೆ ಹಾಕಿ ಒರೆಸಿದರೆ ಉಪ್ಪು ಹೋಗೋದಿಲ್ಲ, ನೀರಲ್ಲೇ ತೊಳೆಯಬೇಕು. ಅಷ್ಟು ರಗಳೆ ನಂಗೆ ಬೇಡ.

ಎರಡನೇ ವಾರ

ಮದ್ದು. ಒಟ್ಟು ಏಳು ಡಬ್ಬಿ.

ಹೊಗೆರಹಿತ ಮದ್ದಿನ ಮುಖ್ಯ ಸಾಮಗ್ರಿ ನೈಟ್ರೋಸೆಲ್ಯುಲೋಸ್. ಕೆಲವಕ್ಕೆ ಅದರ ಜೊತೆ ನೈಟ್ರೋಗ್ಲಿಸರಿನ್ ಕೂಡ ಸೇರಿಸುತ್ತಾರೆ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇ ಇಂಥ ಮದ್ದನ್ನು ಮೊದಲು ಮಾಡಿದಾಗಿನಿಂದ ಇದರ ರೋಗ ಒಂದೇ: ಇದು ಕೂತಲ್ಲೇ ನಿಧಾನವಾಗಿ ಕೊಳೆಯುತ್ತದೆ. ಕೊಳೆಯುವಾಗ ಆಮ್ಲದ ಗಾಳಿ ಹೊರಡುತ್ತದೆ, ಆ ಗಾಳಿ ಕೊಳೆಯುವುದನ್ನು ಇನ್ನೂ ಜೋರು ಮಾಡುತ್ತದೆ. ಅದನ್ನು ಹೀರಿಕೊಳ್ಳಲಿ ಅಂತ ಡೈಫಿನೈಲ್ಅಮೈನ್ ಥರದ ಸ್ಥಿರಕ ಬೆರೆಸಿರುತ್ತಾರೆ. ಅದು ಖರ್ಚಾಗಿ ಹೋದರೆ ಮುಗೀತು. ಸೆಖೆಯಲ್ಲಿಟ್ಟರೆ ಬೇಗ ಖರ್ಚಾಗುತ್ತದೆ. ತೀರಾ ಕೆಟ್ಟ ಮದ್ದು ರಾಶಿಯಲ್ಲಿ ತಾನಾಗೇ ಹೊತ್ತಿಕೊಂಡಿದ್ದೂ ಇದೆ.

ಒಳ್ಳೇ ಮದ್ದಿಗೆ ಒಂಥರಾ ಈಥರ್ ವಾಸನೆ ಇರುತ್ತದೆ. ಮೂರನೇ ಡಬ್ಬಿಯ ಮುಚ್ಚಳ ತೆಗೆದರೆ ಮೂಗಿಗೆ ಚುಚ್ಚುವ ಹುಳಿ ವಾಸನೆ, ಮುಚ್ಚಳದ ಒಳಗೆ ತುಕ್ಕು, ಮದ್ದಿನ ಮೇಲೆ ಕೆಂಪು-ಕಂದು ಪುಡಿ. ಇನ್ನೇನು ನೋಡಬೇಕು. ಮುಚ್ಚಳ ಸಡಿಲ ಇಟ್ಟು, ಮನೆಯಿಂದ ದೂರ ಬಯಲಲ್ಲಿ ನೆರಳಿಗೆ ಇಟ್ಟು, ಮತ್ತೆ ಅದೇ ಅಗ್ನಿಶಾಮಕದವರಿಗೆ ಫೋನ್. ಈ ಸಲ ಆ ಕಡೆಯವರು ನನ್ನ ಹೆಸರು ಕೇಳಲಿಲ್ಲ, ಗೊತ್ತಿತ್ತು.

ಎರಡು ಡಬ್ಬಿಗೆ ಕಂಪನಿಯ ಲೇಬಲ್ಲೇ ಇಲ್ಲ, ದೊಡ್ಡಪ್ಪನ ಕೈಬರಹದ ಚೀಟಿ ಮಾತ್ರ. ಇದೇ ನಂಗೆ ಕಷ್ಟ ಆಗಿದ್ದು. ಆ ಅಕ್ಷರ ನನ್ನ ಶಾಲೆಯ ಪುಸ್ತಕಗಳ ಮೇಲೂ ಇದೆ, ಅವರು ಸುಳ್ಳು ಬರೆಯುವವರಲ್ಲ. ಆದರೆ ಚೀಟಿ ಹಚ್ಚಿದ ಮೇಲೆ ಡಬ್ಬಿಗೆ ಬೇರೇನೂ ಸುರಿದಿಲ್ಲ ಎಂದು ಯಾರು ಹೇಳುವವರು? ಮದ್ದನ್ನು ಕಣ್ಣಲ್ಲಿ ನೋಡಿ ಗುರುತಿಸೋಕೆ ಆಗೋದಿಲ್ಲ. ಬೇಗ ಉರಿಯುವ ಪಿಸ್ತೂಲಿನ ಮದ್ದು, ನಿಧಾನ ಉರಿಯುವ ರೈಫಲ್ ಮದ್ದು ಎರಡೂ ಕಪ್ಪು ಕಾಳೇ, ತಪ್ಪಿ ಹಾಕಿದರೆ ಕೋವಿ ಒಡೆಯುತ್ತದೆ. ಹೆಸರು ಸರಿ ಇದ್ದರೂ ಮೋಸ ಹೋಗಬಹುದು. ಹಾಡ್ಜ್‌ಡನ್‌ನವರ ಎಚ್4831, ಇನ್ನೊಂದು ಐಎಂಆರ್ 4831, ಎರಡೂ ಬೇರೆ ಬೇರೆ ಮದ್ದು, ಐಎಂಆರ್‌ನದು ಬೇಗ ಉರಿಯುತ್ತದೆ. ಚೀಟಿಯಲ್ಲಿ ಇದ್ದಿದ್ದು ಬರೀ "4831". ಎರಡೂ ಡಬ್ಬಿ ಹೋದವು. ಅಳತೆ ಯಂತ್ರದಲ್ಲಿ ಮದ್ದು ತುಂಬುವ ಹಾಪರ್‌ನಲ್ಲಿ ಉಳಿದಿದ್ದ ಒಂದು ಹಿಡಿಯೂ ಹೋಯ್ತು. ಚೀಟಿ ಮಾತ್ರ ಬಿಡಿಸಿ ನೋಟ್‌ಬುಕ್ಕಿನಲ್ಲಿ ಅಂಟಿಸಿದೆ.

ಸೀಲ್ ಒಡೆಯದ ಎರಡು ಡಬ್ಬಿ ಉಳಿಸಿಕೊಂಡೆ. ಇನ್ನೆರಡು ಮೂಲ ಡಬ್ಬಿಯೇ, ಆದರೆ ತೆರೆದಿದ್ದವು. ವಾಸನೆ ಚೆನ್ನಾಗಿತ್ತು, ಆದರೂ ಬೇಡ ಎಂದೆ. ಜಾಸ್ತಿ ಆಯ್ತು ಎಂದು ಗೆಳೆಯ ಬೈದ. ಬೈಯಲಿ.

ಮೂರನೇ ವಾರ

ಕೇಸುಗಳು. ಬುಡದಿಂದ ಸ್ವಲ್ಪ ಮೇಲೆ ಹೊಳೆಯುವ ಉಂಗುರ ಕಂಡರೆ ಅಲ್ಲಿ ಗೋಡೆ ತೆಳ್ಳಗಾಗಿದೆ, ಬುಡ ಕಳಚಿಕೊಳ್ಳೋಕೆ ತಯಾರಾಗಿದೆ ಎಂದು ಅರ್ಥ. ಸಣ್ಣ ತಂತಿಯ ತುದಿ ಬಗ್ಗಿಸಿ ಒಳಗಿಂದ ಕೆರೆದರೆ ಆ ಹಳ್ಳ ಕೈಗೆ ಸಿಗುತ್ತದೆ. ಕತ್ತು ಸೀಳಿದ್ದು, ಹಸಿರು ಕಿಲುಬು ಒಳಗೆ ಇಳಿದಿದ್ದು, ಗುಲಾಬಿ ಬಣ್ಣಕ್ಕೆ ತಿರುಗಿದ್ದು ಎಲ್ಲ ಗುಜರಿಗೆ. ಅರ್ಧಕ್ಕಿಂತ ಜಾಸ್ತಿ ಹೋಯ್ತು.

ಸೀಳಿದ ಕೇಸ್ ಅಂದಾಗ ಒಂದು ಹಳೇ ಕಥೆ ನೆನಪಾಗುತ್ತದೆ. ಬ್ರಿಟಿಷರ ಕಾಲದಲ್ಲಿ ಭಾರತದ ಸೈನ್ಯದವರು ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರಂತೆ. ಮಳೆ ಮುಗಿದು ತೆಗೆದರೆ ಕೇಸುಗಳಲ್ಲಿ ಬಿರುಕು. ಕಾರಣ ಸರಿಯಾಗಿ ಗೊತ್ತಾಗಿದ್ದು 1921ರಲ್ಲಿ: ಕುದುರೆ ಮೂತ್ರದ ಅಮೋನಿಯಾ, ಜೊತೆಗೆ ಹಿತ್ತಾಳೆಯನ್ನು ಎಳೆದು ರೂಪ ಕೊಡುವಾಗ ಒಳಗೇ ಉಳಿದ ಬಿಗಿತ. ಅಮೋನಿಯಾ ಇರುವ ಪಾಲಿಷ್‌ನಲ್ಲಿ ಕೇಸ್ ಉಜ್ಜಬೇಡಿ ಎನ್ನುವುದು ಇದಕ್ಕೇ. ಪೆಟ್ಟಿಗೆಯಲ್ಲಿ ಅಂಥ ಪಾಲಿಷ್ ಡಬ್ಬವೂ ಇತ್ತು!

ಸೀಸದ ಗುಂಡುಗಳ ಮೇಲೆ ಬಿಳೀ ಪುಡಿ ಬಂದಿತ್ತು, ಅದು ವಿಷ, ಊದಬಾರದು. ಅವು ಆಚೆಗೆ. ತಾಮ್ರದ ಹೊದಿಕೆ ಇರುವವು ಸರಿ ಇವೆ, ಆದರೂ ಒಂದೊಂದರ ವ್ಯಾಸ ಅಳೆದು ತೂಗಿಯೇ ಡಬ್ಬಿಗೆ ಹಾಕಿದೆ.

ದೊಡ್ಡಪ್ಪ ತಯಾರು ಮಾಡಿಟ್ಟ ಐವತ್ತು ತೋಟಾಗಳೂ ಇದ್ದವು. ಬೇರೆಯವರು ಭರ್ತಿ ಮಾಡಿದ್ದನ್ನು ಹೊಡೆಯಬಾರದು ಎನ್ನುವುದು ನಿಯಮ, ಸ್ವಂತ ದೊಡ್ಡಪ್ಪ ಆದರೂ. ಸಂಜೆಗಳಲ್ಲಿ ಕೂತು ಒಂದೊಂದೇ ಗುಂಡು ಕಿತ್ತು ಮದ್ದು ತೂಗಿದೆ. ನಲವತ್ತೊಂಬತ್ತು ಹೆಚ್ಚುಕಮ್ಮಿ ಒಂದೇ ತೂಕ. ಒಂದರಲ್ಲಿ ಮದ್ದೇ ಇರಲಿಲ್ಲ. ಅದನ್ನು ಹೊಡೆದಿದ್ದರೆ ಬರೀ ಪ್ರೈಮರ್ ಒತ್ತಡಕ್ಕೆ ಗುಂಡು ನಳಿಗೆಯ ಮಧ್ಯೆ ಸಿಕ್ಕಿಕೊಳ್ಳಬಹುದಿತ್ತು, ಗೊತ್ತಾಗದೆ ಹಿಂದೆಯೇ ಇನ್ನೊಂದು ಹೊಡೆದಿದ್ದರೆ... ಆ ರಾತ್ರಿ ಕೆಲಸ ಅಲ್ಲಿಗೇ ನಿಲ್ಲಿಸಿದೆ.

ನಾಲ್ಕನೇ ವಾರ

ಪ್ರೆಸ್ ಬೀಡುಕಬ್ಬಿಣದ್ದು, ನನಗಿಂತ ಜಾಸ್ತಿ ದಿನ ಬಾಳುತ್ತದೆ. ಡೈಗಳ ಹಳೇ ಅಂಟು ತೊಳೆದೆ. ತಕ್ಕಡಿ ಸೊನ್ನೆಗೆ ಸರಿಯಾಗಿ ನಿಂತಿತು, ನಾನೂ ನಂಬಿಬಿಟ್ಟೆ. ಆಮೇಲೆ 50 ಗ್ರೇನಿನ ಪರೀಕ್ಷಾ ತೂಕ ಇಟ್ಟರೆ 49.6 ತೋರಿಸಿತು. ಒಂದು ಗ್ರೇನ್ ಅಂದರೆ ಸುಮಾರು 0.065 ಗ್ರಾಂ, ಅದರಲ್ಲಿ 0.4 ಎಷ್ಟು ಮಹಾ ಅನ್ನಿಸಬಹುದು. ಆದರೆ ತಕ್ಕಡಿ ಕಮ್ಮಿ ತೋರಿಸಿದರೆ ನಾವು ಜಾಸ್ತಿ ಸುರಿಯುತ್ತೇವೆ, ಅಲ್ವಾ? ದಂಡ ಕೂರುವ ಅಲಗಿನಂಥ ಅಂಚಿನಲ್ಲಿ ಕೊಳೆ ಇತ್ತು. ಒರೆಸಿದ ಮೇಲೆ ಸರಿಯಾಯ್ತು.

ಐದನೇ ವಾರ

ಕೊನೆಗೆ ನೋಟ್‌ಬುಕ್. ಅವರು ಹೆಚ್ಚು ಬಳಸುತ್ತಿದ್ದ ಮದ್ದಿನ ಅಳತೆಯನ್ನು ಈಗಿನ ಮ್ಯಾನ್ಯುಯಲ್ (ಮರುಭರ್ತಿಯ ಅಳತೆಗಳ ಪುಸ್ತಕ) ಜೊತೆ ಹಿಡಿದು ನೋಡಿದೆ. ಇವತ್ತಿನ ಗರಿಷ್ಠಕ್ಕಿಂತ ಒಂದೂವರೆ ಗ್ರೇನ್ ಜಾಸ್ತಿ. ಹಳೇ ಅಳತೆಗಳನ್ನು ತೋಟಾದ ಒತ್ತಡಕ್ಕೆ ತಾಮ್ರದ ತುಂಡು ಎಷ್ಟು ಚಪ್ಪಟೆಯಾಯ್ತು ಎಂದು ನೋಡಿ ನಿರ್ಧರಿಸುತ್ತಿದ್ದರು, ಈಗ ಪೀಜೋ ಎಂಬ ವಿದ್ಯುತ್ ಸಂವೇದಕದಲ್ಲಿ ಒತ್ತಡದ ಏರಿಳಿತವೆಲ್ಲ ಕಾಣುತ್ತದೆ. ಮದ್ದುಗಳೂ ಮಧ್ಯೆ ಬದಲಾಗಿವೆ. ಅದೇ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದರು: "ಬೋಲ್ಟ್ ಎತ್ತೋಕೆ ಬಿಗಿ. ಸೆಖೆ ಇರಬೇಕು." ಬೋಲ್ಟ್ ಅಂದರೆ ತೋಟಾದ ಹಿಂದೆ ಮುಚ್ಚುವ ಕೋವಿಯ ಭಾಗ, ಅದು ಎತ್ತೋಕೆ ಬಿಗಿಯಾದರೆ ಒತ್ತಡ ಮಿತಿಮೀರಿದ ಲಕ್ಷಣ. ಅವರಿಗೆ ಕಂಡಿತ್ತು, ಸೆಖೆಯ ಲೆಕ್ಕಕ್ಕೆ ಬರೆದುಕೊಂಡು ಮುಂದೆ ಹೋಗಿದ್ದರು.

ನಾನು ಸೀಲ್ ಇದ್ದ ಡಬ್ಬಿಗಳಲ್ಲಿ ಒಂದನ್ನು ತೆರೆದು, ವಾಸನೆ ನೋಡಿ, ಮ್ಯಾನ್ಯುಯಲ್ಲಿನ ಆರಂಭದ ಅಳತೆಗೆ ಹತ್ತು ತೋಟಾ ಮಾಡಿದೆ. ಗುಂಡು ಕೂರಿಸುವ ಮೊದಲು ಹತ್ತೂ ಕೇಸಿನೊಳಗೆ ಟಾರ್ಚ್ ಬಿಟ್ಟು ಮದ್ದಿನ ಮಟ್ಟ ನೋಡಿದೆ. ಎರಡನೇ ಸಲವೂ ನೋಡಿದೆ. ಭಾನುವಾರ ರೇಂಜಿಗೆ ಹೋಗುತ್ತಿದ್ದೇನೆ, ಬೋಲ್ಟ್ ಹೇಗೆ ಏಳುತ್ತದೋ ಅವರದೇ ನೋಟ್‌ಬುಕ್ಕಿನ ಮುಂದಿನ ಪುಟದಲ್ಲಿ ಬರೆಯುತ್ತೇನೆ.